ವಾಪಸು ದಾರಿಯ ಕೆಂಪು ದೀಪ

ಆ ಬೂದು ಬಣ್ಣದ ಕಾರು ಮೂರನೆಯ ಸಲ ಶೆಡ್ಡಿನ ಬಾಗಿಲಿಗೆ ಬಂದು ನಿಂತಾಗ ವೈರಕ್ಕ ಯಾವುದೋ ವ್ಯಾನಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿದ್ದಳು. ಎಂಜಿನ್ನಿನ ಸದ್ದಿನಿಂದಲೇ ಯಾವ ಕಾರೆಂದು ಗೊತ್ತಾಯಿತು. ಗೊತ್ತಾದರೂ ಏಳಲಿಲ್ಲ. ಬಾಯಲ್ಲಿ ಕಚ್ಚಿಕೊಂಡಿದ್ದ ಟಾರ್ಚನ್ನು ಹಾಗೇ ಬಿಟ್ಟು, ಇನ್ನೆರಡು ನಿಮಿಷ ಹೀಗೇ ಬಿದ್ದಿರೋಣ, ಅಷ್ಟರಲ್ಲಿ ಅದು ಬೇರೆ ಯಾರದಾದರೂ ಕಾರಾಗಿಬಿಡಲಿ ಎಂದುಕೊಂಡಳು.

ಅವಳಿಗೆ ಐವತ್ತೆರಡು. ಅದರಲ್ಲಿ ಇಪ್ಪತ್ತೆಂಟು ವರ್ಷ ಕಾರಿನ ವೈರುಗಳ ಜೊತೆಗೇ ಕಳೆದಿತ್ತು. ಹುಟ್ಟಿದಾಗ ಇಟ್ಟ ಹೆಸರೊಂದು ಇತ್ತು, ಆದರೆ ಬ್ಯಾಂಕಿನವರನ್ನೂ ಡಾಕ್ಟರನ್ನೂ ಬಿಟ್ಟರೆ ಯಾರಿಗೂ ಅದು ನೆನಪಿರಲಿಲ್ಲ. ಎಲ್ಲರಿಗೂ ಅವಳು ವೈರಕ್ಕ. ಶೆಡ್ಡು ಅವಳದೂ ತಮ್ಮನದೂ ಸೇರಿ. ಎಂಜಿನ್ನು, ಬ್ರೇಕು, ಗ್ರೀಸು ತಮ್ಮನ ಪಾಲಿಗೆ, ಬ್ಯಾಟರಿಯಿಂದ ಹೊರಟದ್ದೆಲ್ಲ ಅಕ್ಕನ ಪಾಲಿಗೆ. ಈಚೆಗೆ ಅವಳಿಗೆ ಕುತ್ತಿಗೆ ನೋವು. ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗುವುದು ಹೇಗೋ ಆಗುತ್ತಿತ್ತು, ಹೊರಗೆ ಬರುವುದೇ ಫಜೀತಿ.

ಹೊರಬಂದು ನೋಡಿದರೆ ಕಾರಿನ ಪಕ್ಕದಲ್ಲಿ ಟೀಚರ್ ನಿಂತಿದ್ದಳು. ನಲವತ್ತರ ಆಸುಪಾಸಿನ ಹೆಂಗಸು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಮುಂದಿನ ಸೀಟಿನಲ್ಲಿ ಅವಳ ಅಪ್ಪ, ಕಣ್ಣು ಮುಚ್ಚಿ ಕೂತಿದ್ದರು. ಒಂದು ಕಾಲಕ್ಕೆ ಹೆಸರಾದ ದರ್ಜಿ. ಈಗ ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್.

"ಮತ್ತೆ ಬಂದಿದೆ," ಎಂದಳು ಟೀಚರ್. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಬಂದಿದ್ದು ಏರ್‌ಬ್ಯಾಗಿನ ದೀಪ. ಸ್ಪೀಡಿನ ಮುಳ್ಳಿನ ಪಕ್ಕದಲ್ಲಿ, ಬೆಲ್ಟು ಕಟ್ಟಿಕೊಂಡ ಮನುಷ್ಯನ ಎದೆಯ ಮುಂದೊಂದು ಚೆಂಡಿಟ್ಟ ಹಾಗಿರುವ ಕೆಂಪು ಚಿತ್ರ. ಕೀಲಿ ತಿರುಗಿಸಿದಾಗ ಒಮ್ಮೆ ಹೊತ್ತಿ ಆರಿಹೋಗಬೇಕು. ಆರದೆ ಉಳಿದರೆ ಏರ್‌ಬ್ಯಾಗಿನ ಸರ್ಕೀಟಿನಲ್ಲಿ ಎಲ್ಲೋ ಐಬಿದೆ ಎಂದರ್ಥ, ಅಪಘಾತವಾದರೆ ಚೀಲ ಉಬ್ಬುತ್ತದೆಂಬ ಖಾತ್ರಿಯಿಲ್ಲ.

ಮೊದಲ ಸಲ ಬಂದಾಗ ಕೆಲಸ ಸುಲಭವಾಗಿತ್ತು. ಸ್ಕ್ಯಾನರ್ ಚುಚ್ಚಿದರೆ ಪಕ್ಕದ ಸೀಟಿನ ಬದಿಯಲ್ಲಿರುವ ಏರ್‌ಬ್ಯಾಗಿಗೆ ಕರೆಂಟು ಹೋಗುವ ದಾರಿಯಲ್ಲಿ ತಡೆ ಹೆಚ್ಚಾಗಿದೆ ಎಂದು ತೋರಿಸಿತು. ಸೀಟಿನಡಿ ಯಾರೋ ಕೊಡೆ ತುರುಕಿದ್ದರು, ಅದು ಹಳದಿ ಕನೆಕ್ಟರನ್ನು ದೂಡಿ ಸಡಿಲ ಮಾಡಿತ್ತು. ವೈರಕ್ಕ ಅದನ್ನು ಒರೆಸಿ, ಒತ್ತಿ ಕೂರಿಸಿ, ದೀಪ ಆರಿಸಿ ಕಳಿಸಿದ್ದಳು. ಹನ್ನೆರಡು ದಿನಕ್ಕೆ ವಾಪಸು. ಎರಡನೆಯ ಸಲ ಅರ್ಧ ದಿನ ಹುಡುಕಿದಳು. ಎಲ್ಲವೂ ಸರಿಯಾಗಿಯೇ ಇತ್ತು. ವೈರು ಅಲ್ಲಾಡಿಸಿದಳು, ಕನೆಕ್ಟರು ಅಲ್ಲಾಡಿಸಿದಳು, ಕಡೆಗೆ ಸಿಟ್ಟು ಬಂದು ಇಡೀ ಸೀಟನ್ನೇ ಅಲ್ಲಾಡಿಸಿದಳು. ಸ್ಕ್ಯಾನರಿನ ಅಂಕಿ ಅಲುಗಲಿಲ್ಲ. ಏನೂ ಸಿಗದೆ ದೀಪವನ್ನಷ್ಟೇ ಆರಿಸಿ ಕಳಿಸಿದಳು. ಈಗ ಇದು ಮೂರನೆಯದು.

ಕೈ ಒರೆಸಿಕೊಳ್ಳುತ್ತ ಬಂದ ತಮ್ಮ, ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ಟೇ ಕೆಟ್ಟಿರಬೇಕು, ಹೊಸದು ಹಾಕಿಬಿಡೋಣ ಎಂದ. ವೈರಕ್ಕನಿಗೆ ಒಪ್ಪಿಗೆಯಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಬುದ್ಧಿ ಅವನದು, ಮೊದಲಿನಿಂದಲೂ. ಆದರೆ ಬೇಡ ಎನ್ನಲು ಅವಳ ಬಳಿ ಬೇರೆ ದಾರಿಯೂ ಇರಲಿಲ್ಲ. ಯಾವಾಗ ಹೊತ್ತಿಕೊಳ್ಳುತ್ತದೆ ಎಂದು ಟೀಚರನ್ನು ಕೇಳಿದಳು. ಯಾವಾಗೆಂದು ಹೇಳುವುದು, ಗಾಡಿ ಓಡಿಸುವಾಗ ದೀಪ ಕಾಯುತ್ತ ಕೂರುವುದಕ್ಕಾಗುತ್ತದೆಯೇ ಎಂದಳು ಟೀಚರ್.

ಒಳಗಿನಿಂದ ದರ್ಜಿ ಕಣ್ಣು ತೆರೆಯದೆಯೇ ಮಾತಾಡಿದರು. "ಹೋಗುವಾಗ ಬರಲ್ಲ ತಾಯಿ, ಬರುವಾಗ ಬರುತ್ತೆ. ನನ್ನ ಹಾಗೇ. ಹೋಗುವಾಗ ಒಂಥರಾ ಇರ್ತೀನಿ, ಬರುವಾಗ ಬೇರೆ ಥರ."

ವೈರಕ್ಕ ಅವರ ಮುಖ ನೋಡಿದಳು. ಎರಡು ಸಲ ಕಾರು ಬಿಚ್ಚಿದ್ದಳು, ಈ ಮನುಷ್ಯನನ್ನು ಒಂದು ಮಾತು ಕೇಳಿರಲಿಲ್ಲ.

"ಗುರುವಾರ ನಾನೂ ಜೊತೆಗೆ ಬರ್ತೀನಿ," ಎಂದಳು.

ತಮ್ಮ ಗೊಣಗಿದ. ಶೆಡ್ಡಿನಲ್ಲಿ ನಾಲ್ಕು ಗಾಡಿ ಕಾಯುತ್ತಿವೆ, ಇವಳು ಆಸ್ಪತ್ರೆಗೆ ಸವಾರಿ ಹೊರಟಳು ಎಂದ. ಗೊಣಗಿದರೂ ಗುರುವಾರ ಬೆಳಿಗ್ಗೆ ಸ್ಕ್ಯಾನರನ್ನು ಚಾರ್ಜ್ ಮಾಡಿ ಅವಳ ಚೀಲಕ್ಕೆ ಹಾಕಿಟ್ಟವನು ಅವನೇ.

ವೈರಕ್ಕ ಮೊದಲು ದೀಪ ಆರಿಸಿ, ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಸ್ಕ್ಯಾನರ್ ಇಟ್ಟುಕೊಂಡು ಕೂತಳು. ಅದರ ಉದ್ದನೆಯ ವೈರು ಮುಂದಿನ ಎರಡು ಸೀಟುಗಳ ನಡುವೆ ಹಾದು ಸ್ಟೀರಿಂಗಿನ ಕೆಳಗೆ ಸೇರಿತ್ತು. ಪರದೆಯ ಮೇಲೆ ಆ ತಡೆಯ ಅಳತೆ, ಎರಡು ಪಾಯಿಂಟ್ ಒಂದು ಎಂಬ ಅಂಕಿ. ಅದು ಅಷ್ಟೇ ಇದ್ದರೆ ದಾರಿ ಸರಿಯಿದೆ ಎಂದರ್ಥ. ಹೋಗುವಾಗ ಮುಕ್ಕಾಲು ಗಂಟೆ ಅವಳು ಅದನ್ನೇ ನೋಡಿದಳು. ಸಿಗ್ನಲ್ಲು, ಸೇತುವೆ, ರಸ್ತೆಯುಬ್ಬು, ಗುಂಡಿ, ಎಲ್ಲ ದಾಟಿದರೂ ಅಂಕಿ ಕದಲಲಿಲ್ಲ. ದರ್ಜಿ ನೆಟ್ಟಗೆ ಕೂತು, ಬೀದಿಯಲ್ಲಿ ಹೋಗುವವರ ಬಟ್ಟೆಗಳನ್ನು ನೋಡುತ್ತ, ಇವನ ಕಾಲರು ಸರಿಯಿಲ್ಲ, ಅವನ ಪ್ಯಾಂಟು ಬೇರೆ ಯಾರದೋ ಅಳತೆ ಎಂದು ಹೇಳುತ್ತಿದ್ದರು. ಮಗಳು ಹೂಂ ಹೂಂ ಎನ್ನುತ್ತಿದ್ದಳು. ದಿನವೂ ಕೇಳಿ ಕೇಳಿ ಕಿವಿ ಒಗ್ಗಿಹೋದ ಹೂಂಕಾರ ಅದು.

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾಲ್ಕು ಗಂಟೆ ಕಾಯುವುದು. ಉದ್ದನೆಯ ಕಾರಿಡಾರು, ಗೋಡೆಗೆ ತಾಗಿಸಿ ಜೋಡಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯಲ್ಲಿ ಕುಡಿಯುವ ನೀರಿನ ಮಷಿನ್ನು. ಕೂತವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರೇ. ಆದರೂ ಮಾತಿಲ್ಲ, ತಲೆಯಾಡಿಸುವುದಷ್ಟೇ. ಟೀಚರ್ ಚೀಲದಿಂದ ಟೆಸ್ಟ್ ಪುಸ್ತಕಗಳ ಕಟ್ಟು ತೆಗೆದು ತಿದ್ದತೊಡಗಿದಳು. ವೈರಕ್ಕನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಬರಿಗೈಯಲ್ಲಿ ಇಷ್ಟು ಹೊತ್ತು ಕೂತು ಎಷ್ಟು ವರ್ಷವಾಗಿತ್ತೋ. ಗೋಡೆಗೆ ತಲೆಯಿಟ್ಟವಳು ಯಾವಾಗ ನಿದ್ದೆ ಹೋದಳೋ, ಎಚ್ಚರವಾದಾಗ ಬಾಯಿ ತೆರೆದೇ ಇತ್ತು. ಟೀಚರ್ ಅದೇ ಭಂಗಿಯಲ್ಲಿ, ಅದೇ ಪುಟ ತೆರೆದುಕೊಂಡು ಕೂತಿದ್ದಳು. ಕೆಂಪು ಪೆನ್ನಿನ ಮುಚ್ಚಳ ತೆಗೆದಿರಲೇ ಇಲ್ಲ.

ವೈರಕ್ಕ ಎರಡು ಕಪ್ ಚಹಾ ತಂದಳು. ಕುಡಿಯುತ್ತ ಟೀಚರ್ ತಾನಾಗಿಯೇ ಮಾತಿಗೆ ಶುರುಮಾಡಿದಳು. ಮೂರು ವರ್ಷವಾಯಿತು. ತಾಯಿಯಿಲ್ಲ, ಅಣ್ಣ ದೂರದಲ್ಲಿದ್ದಾನೆ, ಗಂಡನಿಗೆ ರಾತ್ರಿ ಪಾಳಿಯ ಕೆಲಸ. ಶಾಲೆಯಲ್ಲಿ ಪಿರಿಯಡ್ಡುಗಳನ್ನು ಅವರಿವರ ಕೈಕಾಲು ಹಿಡಿದು ಬದಲಾಯಿಸಿಕೊಂಡು ಬರುವುದು. ಆಮೇಲೆ ಚಹಾದ ಕಪ್ಪನ್ನೇ ನೋಡುತ್ತ ಹೇಳಿದಳು.

"ಹೋದ ತಿಂಗಳು, ದೀಪ ಎರಡನೇ ಸಲ ಬಂದ ದಿನ, ವಾಪಸು ಬರುವಾಗ ಸ್ಟೀರಿಂಗ್ ಹಿಡ್ಕೊಂಡೇ ಕಣ್ಣು ಮುಚ್ಚಿಬಿಟ್ಟೆ ವೈರಕ್ಕ. ಒಂದೇ ಕ್ಷಣ. ಅಪ್ಪ ಕೂಗಿದ್ರು. ಮುಂದಿನ ಲಾರಿಗೂ ನಮಗೂ ಮೊಳದಷ್ಟೇ ಜಾಗ ಇತ್ತು. ಅಪ್ಪ ಅದನ್ನ ಮನೇಲಿ ಯಾರಿಗೂ ಹೇಳಿಲ್ಲ, ನಾನೂ ಹೇಳಿಲ್ಲ. ಅದಕ್ಕೇ ಆ ದೀಪ ನೋಡಿದ್ರೆ ಕೈಕಾಲು ತಣ್ಣಗಾಗುತ್ತೆ."

ಇಷ್ಟು ದಿನ ವೈರಕ್ಕನಿಗೆ ಆ ದೀಪವೆಂದರೆ ಬಗೆಹರಿಯದ ಒಂದು ಲೆಕ್ಕವಾಗಿತ್ತು. ಹೆಚ್ಚೆಂದರೆ ತನ್ನ ಹೆಸರಿಗೊಂದು ಮಸಿ. ಆ ಸೀಟಿನಲ್ಲಿ ಕೂರುವವರು ಯಾರು, ಓಡಿಸುವವರು ಎಷ್ಟು ದಣಿದಿರುತ್ತಾರೆ ಎಂದು ಅವಳು ಯೋಚಿಸಿರಲಿಲ್ಲ.

ದರ್ಜಿ ಹೊರಗೆ ಬಂದಾಗ ಬೇರೆಯೇ ಮನುಷ್ಯ. ಮುಖ ಬೂದಿಯ ಹಾಗಿತ್ತು, ತುಟಿ ಒಣಗಿತ್ತು. ಇಬ್ಬರೂ ಸೇರಿ ಕಾರಿಗೆ ಹತ್ತಿಸಿದರು. ಈಗ ಯಾರ ಕಾಲರಿನ ಸುದ್ದಿಯೂ ಇಲ್ಲ. ಕಾರು ಆಸ್ಪತ್ರೆಯ ಗೇಟು ದಾಟುತ್ತಲೇ ಅವರು ಎಡಗೈ ಕೆಳಗೆ ಬಿಟ್ಟು, ಸೀಟಿನ ಪಕ್ಕದ ಹಿಡಿ ಎಳೆದು, ಬೆನ್ನಿನ ಭಾಗವನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಮಲಗಿಬಿಟ್ಟರು. ಅವರ ತಲೆ ಬಂದು ಬಹುಮಟ್ಟಿಗೆ ವೈರಕ್ಕನ ಮೊಣಕಾಲಿಗೇ ತಾಗಿತು. ಅವಳು ಕಾಲು ಪಕ್ಕಕ್ಕೆ ಸರಿಸಿಕೊಂಡು ಸ್ಕ್ಯಾನರ್ ನೋಡಿದಳು. ಎರಡು ಪಾಯಿಂಟ್ ಒಂದು ಹೋಗಿ ಎರಡು ಪಾಯಿಂಟ್ ಒಂಬತ್ತಾಗಿತ್ತು. ಮೊದಲ ರಸ್ತೆಯುಬ್ಬು ಹಾರಿದ ಕೂಡಲೇ ಅಂಕಿ ಏಳಕ್ಕೇರಿತು, ಆಮೇಲೆ ಅಂಕಿಯೇ ಇಲ್ಲವಾಯಿತು. ಮುಂದುಗಡೆ ಕೆಂಪು ದೀಪ ಹೊತ್ತಿತು.

"ಬಂತು," ಎಂದಳು ಟೀಚರ್.

ಪಕ್ಕಕ್ಕೆ ನಿಲ್ಲಿಸಲು ವೈರಕ್ಕ ಹೇಳಿದಳು. ಕಾರು ನಿಂತಿತು. ದರ್ಜಿಗೆ ಒಂದು ಸಲ ಎದ್ದು ಕೂರಲು ಆಗುತ್ತದೆಯೇ ಎಂದು ಕೇಳುವಾಗ ಅವಳಿಗೆ ನಾಚಿಕೆಯಾಯಿತು. ಅವರು ಕಣ್ಣು ತೆರೆದು, ಉಸಿರು ಬಿಟ್ಟು, ಸೀಟು ನೆಟ್ಟಗೆ ಮಾಡಿದರು. ಅಂಕಿ ವಾಪಸು ಬಂದು ಎರಡು ಪಾಯಿಂಟ್ ಒಂದಕ್ಕೆ ನಿಂತಿತು. ಮತ್ತೆ ಮಲಗಿದರು, ಮತ್ತೆ ಏರಿತು. ಒಮ್ಮೆ ಹೊತ್ತಿದ ದೀಪ ಮಾತ್ರ ಸೀಟು ನೆಟ್ಟಗಾದರೂ ಆರದೆ ಹಾಗೇ ಉಳಿದಿತ್ತು. ಅದಕ್ಕೇ ಯಾರಿಗೂ ಇದರ ಜಾಡು ಸಿಕ್ಕಿರಲಿಲ್ಲ. ಮನೆ ಮುಟ್ಟಿ ಇಳಿಯುವಾಗ ಅವರು ಸೀಟನ್ನು ನೆಟ್ಟಗೆ ಮಾಡಿಯೇ ಇಳಿಯುತ್ತಿದ್ದರು, ಕಾರು ಶೆಡ್ಡಿಗೆ ಬರುವುದು ನೆಟ್ಟಗಿನ ಸೀಟಿನೊಂದಿಗೇ. ವೈರಕ್ಕ ಎಲ್ಲವನ್ನೂ ಅಲ್ಲಾಡಿಸಿದ್ದಳು, ಸೀಟನ್ನು ಮಲಗಿಸಿ ಮಾತ್ರ ನೋಡಿರಲಿಲ್ಲ.

ರಿಪೇರಿಯಾಗುವ ತನಕ ಅಪ್ಪನನ್ನು ಹಿಂದೆ ಕೂರಿಸಿ ಎಂದು ವೈರಕ್ಕ ಹೇಳಿದಳು, ಅಲ್ಲಿಯೇ ಜಾಗ ಬದಲಾಯಿಸಿದರು. ಮರುದಿನ ಶಾಲೆಗೆ ಹೋಗುವ ಮುಂಚೆ ಟೀಚರ್ ಕಾರನ್ನು ಶೆಡ್ಡಿನಲ್ಲಿ ಬಿಟ್ಟಳು.

ವೈರಕ್ಕ ಬ್ಯಾಟರಿಯ ಮೈನಸ್ ತುದಿ ಬಿಚ್ಚಿ ಕಾಲು ಗಂಟೆ ಕಾದಳು. ಏರ್‌ಬ್ಯಾಗಿನ ಹತ್ತಿರ ಅವಸರ ಮಾಡಬಾರದು. ಬ್ಯಾಟರಿ ಬಿಚ್ಚಿದ ಮೇಲೂ ಒಳಗೆ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ, ಕೈಯಾಡಿಸುವಾಗ ಚೀಲ ಸಿಡಿದರೆ ಮುಖ ಮೂತಿ ಉಳಿಯುವುದಿಲ್ಲ. ಕಾದು, ಹಳದಿ ಕನೆಕ್ಟರು ಬಿಡಿಸಿ, ನಾಲ್ಕು ಬೋಲ್ಟು ತೆಗೆದು, ತಮ್ಮನ ಜೊತೆ ಸೇರಿ ಸೀಟನ್ನು ಹೊರಗೆ ತಂದು ಬೆಂಚಿನ ಮೇಲೆ ಪಕ್ಕಕ್ಕೆ ಮಲಗಿಸಿದಳು. ಬೆನ್ನಿನ ಭಾಗ ಮಡಚುವ ಕೀಲಿನ ಹತ್ತಿರ ಟಾರ್ಚು ಹಿಡಿದಳು.

ಅಲ್ಲಿ ವೈರಿನ ಕಟ್ಟನ್ನು ಸೀಟಿನ ಕಬ್ಬಿಣಕ್ಕೆ ಸೇರಿಸಿ ಒಂದು ಕಪ್ಪು ಪ್ಲಾಸ್ಟಿಕ್ ಪಟ್ಟಿಯ ಟೈ ಬಿಗಿಯಾಗಿ ಕಟ್ಟಿತ್ತು. ಅದರ ಬಾಲವನ್ನು ನುಣ್ಣಗೆ ಕತ್ತರಿಸಲಾಗಿತ್ತು. ಕೈಗೆ ಚುಚ್ಚದ ಹಾಗೆ, ಬುಡಕ್ಕೇ. ಆ ಊರಿನ ಬೇರೆ ಯಾವ ಮೆಕ್ಯಾನಿಕ್ಕೂ ಹಾಗೆ ಕತ್ತರಿಸುತ್ತಿರಲಿಲ್ಲ. ಅದು ಅವಳದೇ ಕೈ.

ಮೊದಲ ಸಲ ಬಂದಾಗ, ಇನ್ನು ಮೇಲೆ ಕೊಡೆಯೂ ಚಪ್ಪಲಿಯೂ ವೈರಿಗೆ ತಾಗದಿರಲಿ ಎಂದು, ಅಚ್ಚುಕಟ್ಟಾಗಿ, ಎಳೆದು ಕಟ್ಟಿದ್ದಳು. ಕಟ್ಟಿ, ಹೆಮ್ಮೆಯಿಂದ ಎರಡು ಸಲ ನೋಡಿಯೂ ಇದ್ದಳು. ಸೀಟು ಹಿಂದಕ್ಕೆ ಬಾಗಿದಾಗ ವೈರು ಹಿಂದಕ್ಕೆ ಹೋಗಬೇಕು, ಹೋಗಲು ಜಾಗವಿಲ್ಲ. ವಾರಕ್ಕೆ ಮೂರು ಸಲ ಅದು ಎಳೆದು ಎಳೆದು, ಪ್ಲಾಸ್ಟಿಕ್ ಹೊದಿಕೆಯೊಳಗೆ ತಾಮ್ರದ ಎಳೆಗಳು ಒಂದೊಂದೇ ತುಂಡಾಗಿದ್ದವು. ಮೇಲಿನಿಂದ ನೋಡಿದರೆ ಏನೂ ಕಾಣದು. ಬೆರಳಲ್ಲಿ ಬಾಗಿಸಿದರೆ ಒಳಗೆ ಟೊಳ್ಳು. ಕೊಡೆ ಮಾಡಿದ ಕೇಡನ್ನು ಅವಳು ಸರಿಪಡಿಸಿದ್ದಳು, ಸರಿಪಡಿಸುವಾಗ ಹೊಸ ಕೇಡನ್ನು ಕಟ್ಟಿ ಕಳಿಸಿದ್ದಳು. ಎರಡನೆಯ ಸಲ ಅರ್ಧ ದಿನ ಹುಡುಕಿದ್ದು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ತಮ್ಮ ಬಗ್ಗಿ ನೋಡಿದ. ಅವನಿಗೂ ಅಕ್ಕನ ಕೈ ಗೊತ್ತು. ತಗ್ಗಿದ ದನಿಯಲ್ಲಿ, "ಕತ್ತರಿಸಿ ಬಿಸಾಕು. ವೈರು ಹಳೇದಾಗಿತ್ತು, ಹೋಗಿತ್ತು ಅಂದ್ರಾಯ್ತು. ಯಾರು ಬಂದು ನೋಡ್ತಾರೆ?" ಎಂದ.

ಅವನ ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಅಕ್ಕನ ಮುಖ ನೋಡಲಾರದೆ ಹೇಳಿದ್ದು. ವೈರಕ್ಕ ಪಕ್ಕದ ಟಯರಿನ ಮೇಲೆ ಕೂತಳು. ಹಾಗೆ ಹೇಳಿಬಿಡುವುದು ಸುಲಭವಿತ್ತು, ನಂಬುವುದೂ ಸುಲಭವಿತ್ತು. ಮೂರು ಸಲ ಬಂದವರು ನಾಲ್ಕನೆಯ ಸಲ ಬರದಿದ್ದರೆ ಸಾಕು ಎನ್ನುವಷ್ಟು ಅವರೂ ದಣಿದಿದ್ದರು. ಆದರೆ ಲಾರಿಗೂ ಕಾರಿಗೂ ನಡುವೆ ಉಳಿದಿದ್ದ ಆ ಮೊಳದಷ್ಟು ಜಾಗ ಅವಳ ಕಣ್ಣಿನಿಂದ ಸರಿಯಲಿಲ್ಲ. ಆ ದಿನ ಆ ಸೀಟಿನ ಬದಿಯ ಚೀಲ ಸತ್ತಿತ್ತು. ಸಾಯಿಸಿದ್ದು ಅವಳು. ಟೈ ಕತ್ತರಿಸಿ, ಬಿಸಾಕದೆ ಜೇಬಿಗೆ ಹಾಕಿಕೊಂಡಳು.

ಏರ್‌ಬ್ಯಾಗಿನ ವೈರಿಗೆ ಗಂಟು ಹಾಕಿ ಟೇಪು ಸುತ್ತುವಂತಿಲ್ಲ. ಸೀಟಿನ ವೈರಿಂಗಿನ ಇಡೀ ಕಟ್ಟನ್ನೇ ಹೊಸದಾಗಿ ತರಿಸಬೇಕು. ಅಂಗಡಿಯವನಿಗೆ ಫೋನ್ ಮಾಡಿದರೆ ನಾಲ್ಕು ದಿನ ಎಂದ. ಸೀಟನ್ನು ವಾಪಸು ಕೂರಿಸಿ, ಅದರ ಮೇಲೆ ಯಾರೂ ಕೂರದ ಹಾಗೆ ಒಂದು ರಟ್ಟಿನ ಹಲಗೆ ಕಟ್ಟಿದಳು.

ಸಂಜೆ ಟೀಚರ್ ಬಂದಾಗ ವೈರಕ್ಕ ಟೈ ತೆಗೆದು ಅಂಗೈಯಲ್ಲಿಟ್ಟು ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎಲ್ಲಿ ಕಟ್ಟಿದ್ದೆ, ಯಾಕೆ ಕಟ್ಟಿದ್ದೆ, ಏನಾಯಿತು. ಟೀಚರ್ ಕೇಳಿಸಿಕೊಂಡಳು.

"ಮೂರು ಸಲ ರಜೆ ಹಾಕಿದೀನಿ ವೈರಕ್ಕ. ಇನ್ನೊಬ್ಬರ ಹತ್ತಿರ ಹಲ್ಲು ಗಿಂಜಿ ಪಿರಿಯಡ್ ಬದಲಾಯಿಸಿದೀನಿ. ನೀವೇ ಮಾಡಿದ್ದು ಅಂತ ಈಗ ಹೇಳ್ತಿದೀರಿ."

"ಹೌದು," ಎಂದಳು ವೈರಕ್ಕ. ಬೇರೆ ಏನು ಹೇಳಿದರೂ ಅದು ಸಬೂಬಾಗುತ್ತಿತ್ತು.

ಟೀಚರ್ ಕಾರಿನ ಬಾಗಿಲು ತೆಗೆದು, ಹತ್ತದೆ ನಿಂತಳು. "ಅಪ್ಪನಿಗೆ ನಾನು ಹೇಳಲ್ಲ. ನಾಳೆ ಬರುವಾಗ ಇಲ್ಲಿ ನಿಲ್ಲಿಸ್ತೀನಿ, ನೀವೇ ಹೇಳಿ," ಎಂದು ಹೋದಳು.

ಮರುದಿನ ಮಧ್ಯಾಹ್ನ ಕಾರು ಬಂದು ನಿಂತಿತು. ದರ್ಜಿ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಒರಗಿಕೊಂಡಿದ್ದರು. ಟೀಚರ್ ಇಳಿದು, ದೂರದಲ್ಲಿ ತಮ್ಮನ ಜೊತೆ ಏನೋ ಮಾತಿಗೆ ನಿಂತಳು. ವೈರಕ್ಕ ಕಿಟಕಿಯ ಬಳಿ ಬಗ್ಗಿ, ಅದೇ ಕಥೆಯನ್ನು ಎರಡನೆಯ ಸಲ ಹೇಳಿದಳು. ಎರಡನೆಯ ಸಲ ಹೇಳುವುದು ಇನ್ನೂ ಕಷ್ಟವಾಯಿತು.

ದರ್ಜಿ ಟೈ ಇಸಿದುಕೊಂಡು ಬೆರಳಲ್ಲಿ ತಿರುಗಿಸಿ ನೋಡಿದರು. ಎಲ್ಲಿ ಕಟ್ಟಿದ್ದೆ ತೋರಿಸು ಎಂದರು. ಅವಳು ಮುಂದಿನ ಸೀಟಿನ ಕೀಲು ತೋರಿಸಿದಳು. ಅವರು ತಲೆಯಾಡಿಸಿದರು.

"ಒಬ್ಬ ಟ್ರಾಫಿಕ್ ಪೊಲೀಸಿನವನಿಗೆ ಯೂನಿಫಾರಂ ಹೊಲಿದಿದ್ದೆ," ಎಂದು ಮೆಲ್ಲಗೆ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದರು. "ಟ್ರಯಲ್‌ಗೆ ಬಂದಾಗ ಕೈ ಇಳಿಬಿಟ್ಟು ನಿಂತಿದ್ದ. ಎಂಥಾ ಕಟ್ಟು, ಮೈಗೆ ಅಂಟಿಸಿದ ಹಾಗೆ. ಮಾರನೇ ದಿನ ಚೌಕದಲ್ಲಿ ನಿಂತು ಕೈ ಎತ್ತಿದಾನೆ ನೋಡು, ಕಂಕುಳಿಂದ ಸೊಂಟದ ತನಕ ಪರ್ ಅಂತ ಬಿಟ್ಟಿದೆ. ಎರಡೂ ಕಡೆ. ಅವನ ಕೆಲಸವೇ ಕೈ ಎತ್ತೋದು, ನಾನು ಒಂದು ಸಲ ಕೈ ಎತ್ತಿಸಿ ನೋಡ್ಲಿಲ್ಲ."

ವೈರಕ್ಕನಿಗೆ ನಗು ಬಂತು, ನಗಬಹುದೋ ಬೇಡವೋ ತಿಳಿಯಲಿಲ್ಲ.

"ಅವನು ಬಂದು ಕೇಳ್ದಾಗ ಬಟ್ಟೆ ಸರಿಯಿಲ್ಲ ಅಂದೆ," ಎಂದರು ದರ್ಜಿ. "ಬಟ್ಟೆ ತಂದವನು ಅವನೇ. ಪಾಪ, ನಂಬಿದ. ಮತ್ತೆ ಬಟ್ಟೆ ತಂದ." ಟೈಯನ್ನು ಅವಳ ಕೈಗೆ ವಾಪಸು ಕೊಟ್ಟರು. "ನನ್ನ ಮಗಳಿಗೆ ಸಿಟ್ಟಿದೆ. ಇರಲಿ ಬಿಡು, ಅವಳಿಗೆ ಸಿಟ್ಟು ಮಾಡ್ಕೊಳ್ಳೋಕೂ ಪುರುಸೊತ್ತಿರಲ್ಲ. ಈ ಸಲ ಕೀಲಿನ ಹತ್ತಿರ ಸಡಿಲ ಬಿಡು ತಾಯಿ."

ಬುಧವಾರ ಹೊಸ ವೈರಿಂಗ್ ಬಂತು. ವೈರಕ್ಕ ಮತ್ತೆ ಬ್ಯಾಟರಿ ಬಿಚ್ಚಿ, ಕಾದು, ಸೀಟು ಇಳಿಸಿ, ಕಂಪನಿಯವರು ಕೊಟ್ಟ ಕ್ಲಿಪ್ಪುಗಳಲ್ಲಿ ಮಾತ್ರ ವೈರು ಕೂರಿಸಿದಳು. ತನ್ನ ಕಡೆಯಿಂದ ಒಂದು ಟೈಯನ್ನೂ ಸೇರಿಸಲಿಲ್ಲ. ಸೀಟು ಮಲಗಿಸಿ, ಎಬ್ಬಿಸಿ, ಮುಂದೆ ಹಿಂದೆ ಸರಿಸಿ, ಪ್ರತಿ ಸಲವೂ ವೈರಿಗೆ ಬೆರಳಿನಷ್ಟು ಸಡಿಲ ಉಳಿಯುತ್ತದೆಯೇ ಎಂದು ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ಎಲ್ಲ ಜೋಡಿಸಿ, ದೀಪ ಆರಿಸಿ, ತಮ್ಮನಿಗೆ ಗಾಡಿ ತೆಗೆ ಎಂದಳು.

ತಾನು ಪಕ್ಕದ ಸೀಟಿನಲ್ಲಿ ಕೂತು, ದರ್ಜಿ ಮಾಡುತ್ತಿದ್ದ ಹಾಗೆಯೇ ಹಿಡಿ ಎಳೆದು ಪೂರ್ತಿ ಮಲಗಿದಳು. ಸ್ಕ್ಯಾನರ್ ಹೊಟ್ಟೆಯ ಮೇಲೆ. ಊರಿನಲ್ಲಿರುವ ರಸ್ತೆಯುಬ್ಬುಗಳನ್ನೆಲ್ಲ ತಮ್ಮ ಹುಡುಕಿ ಹುಡುಕಿ ಹಾರಿಸಿದ. ಎರಡು ಪಾಯಿಂಟ್ ಒಂದು. ಗುಂಡಿಗಿಳಿಸಿದ. ಎರಡು ಪಾಯಿಂಟ್ ಒಂದು. ರೈಲ್ವೆ ಗೇಟಿನ ಹಳಿಗಳ ಮೇಲೆ ಎರಡು ಸಲ ಹಾಯಿಸಿದ. ಅಂಕಿ ಎಷ್ಟು ಎಂದು ಕೇಳಿದರೆ ಉತ್ತರ ಬರಲಿಲ್ಲ. ತಿರುಗಿ ನೋಡಿದ. ಅಕ್ಕ ನಿದ್ದೆ ಹೋಗಿದ್ದಳು. ಅವನು ಕೈ ಚಾಚಿ ಸ್ಕ್ಯಾನರನ್ನು ತನ್ನ ಕಡೆಗೆ ತಿರುಗಿಸಿಕೊಂಡು ಅಂಕಿ ನೋಡಿದ, ಶೆಡ್ಡಿನ ತಿರುವು ಬಂದಾಗ ತಿರುಗಿಸದೆ, ನುಣುಪಾದ ದೊಡ್ಡ ರಸ್ತೆಯಲ್ಲಿ ಇನ್ನೊಂದು ಸುತ್ತು ಹೋದ.

ಸಂಜೆ ಟೀಚರ್ ಬಂದು ಕೀಲಿ ತಿರುಗಿಸಿದಳು. ಕೆಂಪು ದೀಪ ಹೊತ್ತಿತು. ಅವಳು ಅದನ್ನೇ ನೋಡುತ್ತ ಕೂತಳು, ಅದು ಆರಿದ ಮೇಲೂ ಸ್ವಲ್ಪ ಹೊತ್ತು. ಥ್ಯಾಂಕ್ಸ್ ಎನ್ನಲಿಲ್ಲ. ನಾಳೆ ವಾಪಸು ಬಂದ ಮೇಲೆ ಫೋನ್ ಮಾಡುತ್ತೇನೆ ಎಂದಳಷ್ಟೇ.

ಗುರುವಾರ ಮಧ್ಯಾಹ್ನ ಅಕ್ಕ ತಮ್ಮ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತಿದ್ದಾಗ ಫೋನ್ ಬಂತು.

"ಮನೆಗೆ ಬಂದ್ವಿ. ಅಪ್ಪ ದಾರಿಯುದ್ದಕ್ಕೂ ಮಲಗಿದ್ರು," ಎಂದಳು ಟೀಚರ್. "ಬರ್ಲಿಲ್ಲ." ಆಮೇಲೆ, "ಊಟ ಆಯ್ತಾ?" ಎಂದು ಕೇಳಿದಳು.

ಮಾಡ್ತಾ ಇದೀವಿ, ನಿಮ್ಮದು ಎಂದಳು ವೈರಕ್ಕ. ಇನ್ನೂ ಇಲ್ಲ ಎಂದಳು ಟೀಚರ್. ಮೊದಲು ಊಟ ಮಾಡಿ, ಆಮೇಲೆ ಸ್ವಲ್ಪ ಮಲಗಿ ಎಂದು ವೈರಕ್ಕ ಹೇಳಿದಳು. ಆ ಕಡೆಯಿಂದ ಹೂಂ ಎಂಬ ಸದ್ದು ಬಂತು. ಫೋನ್ ಇಟ್ಟು, ಬರಲಿಲ್ಲವಂತೆ ಎಂದು ತಮ್ಮನಿಗೆ ಹೇಳಿದಳು. ಅವನು ತಲೆಯಾಡಿಸಿ, ಅವಳ ಕಡೆಗೆ ನೀರಿನ ಲೋಟ ಸರಿಸಿದ.